ಬದು ದಾಟಿ ಬಂದ ಹೀರೇಬಳ್ಳಿ

1943ರ ಶ್ರಾವಣದ ಕೊನೆಯ ಸೋಮವಾರ, ಬೆಳಿಗ್ಗೆ ಆರು ಗಂಟೆ. ಸವಣೂರಿನ ಹೊರಗೆ, ಕೆರೆಯ ಕೆಳಗಿನ ಹಳೆಯ ಎಲೆದೋಟ. ನಮ್ಮ ಕಡೆಯಿಂದ ಹಾಜರಿದ್ದವರು ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಹನ್ನೊಂದು ವರ್ಷದ ಹುಡುಗಿಯಾದ ನಾನು. ಬದುವಿನ ಆಚೆ ಯಾರೂ ಇರಲಿಲ್ಲ. ಅವರು ಎಂದೂ ಆರಕ್ಕೆ ಬಂದವರಲ್ಲ.

ಅವರು ಎಂದರೆ ಸಂಸ್ಕೃತ ಕಲಿಸುವ ಮಾಸ್ತರರ ಮನೆಯವರು: ಮಾಸ್ತರರು, ಅವರ ಹೆಂಡತಿ, ನನ್ನ ವಾರಿಗೆಯ ಮಗಳು. ಮಾಸ್ತರರ ಹೆಂಡತಿಯನ್ನು ಓಣಿಯವರೆಲ್ಲ ವೈನಿ ಎಂದು ಕರೆಯುತ್ತಿದ್ದರು. ಅವರ ಮಡಿಯೇ ಬೇರೆ, ನಮ್ಮ ಲಿಂಗಪೂಜೆಯೇ ಬೇರೆ. ಆದರೆ ಮಣ್ಣಿನ ವಿಷಯದಲ್ಲಿ ಎರಡೂ ಮನೆಯವರು ಒಂದೇ ತೂಕದ ದಡ್ಡರು. ಅವರಿಗೆ ಪುಸ್ತಕ ಗೊತ್ತು, ನಮಗೆ ಅರಿವೆ ಗೊತ್ತು. ಹಂಸಭಾವಿಯಿಂದ ಬಂದು ಅಪ್ಪ ಇಲ್ಲಿ ಅರಿವೆ-ಬಟ್ಟೆಯ ಅಂಗಡಿ ಇಟ್ಟ ಮೇಲೆ ನಮ್ಮಲ್ಲಿ ಯಾರೂ ಕುರ್ಪಿ ಹಿಡಿದಿರಲಿಲ್ಲ.

ಅದು ಯುದ್ಧದ ಕಾಲ. ಸಂತೆಯಲ್ಲಿ ಕಾಯಿಪಲ್ಯ ತುಟ್ಟಿಯಾಗಿತ್ತು. ಊರಿನ ಒಬ್ಬ ಗೌಡರ ವೀಳ್ಯದೆಲೆಯ ತೋಟ ನೋಡುವವರಿಲ್ಲದೆ ಹಾಳುಬಿದ್ದಿತ್ತು. ಆ ಬೇಸಿಗೆಯಲ್ಲಿ ಅವರು ಅದನ್ನು ಪಟ್ಟಿ ಪಟ್ಟಿಯಾಗಿ ಮಾಡಿ, ಮನೆಗೊಂದರಂತೆ ಊರವರಿಗೆ ಹಂಚಿದರು. ಗುತ್ತಿಗೆ ಕೇಳಲಿಲ್ಲ, ಪಾಲು ಕೇಳಲಿಲ್ಲ. ಷರತ್ತು ಒಂದೇ. ಶ್ರಾವಣ ಮುಗಿಯುವುದರೊಳಗೆ ತಾವೇ ಬಂದು ನೋಡುವುದು. ಯಾರ ಪಟ್ಟಿಯಲ್ಲಿ ಹಸಿರಿಲ್ಲವೋ ಅದನ್ನು ಪಕ್ಕದ ಪಟ್ಟಿಯವರಿಗೆ ಕೊಡುವುದು. ಗೌಡರು ಬರುವ ದಿನ ಆ ಸೋಮವಾರವಾಗಿತ್ತು. ನಮ್ಮ ಪಕ್ಕದ ಪಟ್ಟಿ ಮಾಸ್ತರರದು. ನಮ್ಮ ಪಟ್ಟಿಯಲ್ಲಿ ಹಸಿರಿರಲಿಲ್ಲ.

ದುಡಿಮೆ ಕಡಿಮೆಯಾಗಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಅಪ್ಪನ ಮನೆಯಲ್ಲಿ ಐದಕ್ಕೆ ಏಳುವುದು, ಹಾಸಿಗೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುವುದು, ಸ್ನಾನ, ಪೂಜೆ, ಕಸಬರಿಗೆ, ಎಲ್ಲಕ್ಕೂ ವೇಳೆಯಿತ್ತು. ನಾನು ಇಂದಿಗೂ ಹಾಗೆಯೇ ಬದುಕುತ್ತೇನೆ. ಅದರಿಂದ ನನಗೆ ಲಾಭವೇ ಆಗಿದೆ. ಅದೇ ಶಿಸ್ತನ್ನು ಅಪ್ಪ ತೋಟಕ್ಕೂ ತಂದರು. "ಅರಿವಿ ಥಾನು ಹರದ್ರ ನೂಲಿನ ಗುಂಟ ಹರೀಬೇಕು" ಎಂಬುದು ಅವರ ಮಾತು. ನಮಗೆ ಪಟ್ಟಿ ಸಿಕ್ಕಾಗ ಒಳಗೆ ಕಾಲಿಡಲು ಎಡೆಯಿರಲಿಲ್ಲ. ಎಲೆಬಳ್ಳಿ ಹಬ್ಬಲೆಂದು ಹಿಂದೆ ನೆಟ್ಟಿದ್ದ ಹಾಲವಾಣದ ಮರಗಳು ಸೊಟ್ಟಸೊಟ್ಟಗೆ ಬೆಳೆದಿದ್ದವು. ಅವುಗಳ ಬುಡದಲ್ಲಿ ಉತ್ತರಾಣಿ, ಮುಳ್ಳು, ಹುತ್ತ. ಅಪ್ಪ ಅಂಗಡಿಯ ಗಜಕೋಲು ತಂದು ದಾರ ಹಿಡಿದರು. ದಾರದೊಳಗೆ ಬಂದದ್ದೆಲ್ಲ ಹೋಯಿತು. ಕಡಿದ ಹಾಲವಾಣದ ಕೊಂಬೆಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿ, ಗಜಕ್ಕೊಂದರಂತೆ ಸುತ್ತಲೂ ಬೇಲಿಯ ಗೂಟ ನೆಟ್ಟೆವು.

ನೆರಳಿಲ್ಲದ ನೆಲ ಕಾದ ಹಂಚಾಯಿತು. ಮೆಂತ್ಯ ಹಾಕಿದೆವು, ಮೂಲಂಗಿ ಹಾಕಿದೆವು. ಅಂಗಡಿಯಲ್ಲಿ ದಿನಾ ಸಂಜೆ ಮಾಲು ನೋಡಿ ಬೀಗ ಹಾಕುವ ರೂಢಿಯವರಾದ್ದರಿಂದ ತೋಟದಲ್ಲೂ ದಿನಾ ಸಂಜೆ ಸಾಲು ಕೆದರಿ, ಬೀಜ ಮೊಳೆತಿದೆಯೇ ಎಂದು ನೋಡಿ, ಮತ್ತೆ ಮುಚ್ಚುತ್ತಿದ್ದೆವು. ಯಾವುದೂ ಏಳಲಿಲ್ಲ. ಮಳೆ ಹಿಡಿದ ಮೇಲೆ ಎದ್ದದ್ದು ಬೇಲಿಯ ಗೂಟಗಳು ಮಾತ್ರ. ಒಂದೊಂದರ ತಲೆಯ ಮೇಲೂ ಚಿಗುರು. ಅಪ್ಪ ಅದನ್ನು ಒಪ್ಪಲಿಲ್ಲ. "ಗೂಟ ಅಂದ್ರ ಗೂಟ. ಚಿಗುರು ಒರಸಿಬಿಡು" ಎಂದರು. ದಿನಾ ಬೆಳಿಗ್ಗೆ ಗೂಟಗಳ ಚಿಗುರು ಮುರಿಯುವುದು ನನ್ನ ಪಾಲಿನ ಕೆಲಸವಾಯಿತು.

ಬದುವಿನ ಆಚೆ ಏನು ನಡೆದಿತ್ತು? ಅವರು ಎಂಟಕ್ಕೆ ಬರುತ್ತಿದ್ದರು, ಒಂದೊಂದು ದಿನ ಬರುತ್ತಲೇ ಇರಲಿಲ್ಲ. ಎಲೆದೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ನಾವು ನಮ್ಮ ಚಪ್ಪಲಿಗಳನ್ನು ಬದುವಿನ ಕೆಳಗೆ ಸಾಲಾಗಿ ಇಡುತ್ತಿದ್ದೆವು. ಅವರವು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಕೂತು ಮಾತಾಡಲು ನೆರಳು ಬೇಕೆಂದು ಮರ ಕಡಿಯಲಿಲ್ಲ. ವೈನಿ ಅಡುಗೆಮನೆಯಲ್ಲಿ ಉಳಿದ ಬೀಜಗಳನ್ನು ಸೆರಗಿನಿಂದ ಹಾಗೇ ಝಾಡಿಸಿ, "ಎಲ್ಲೆ ಬೇಕಾದಲ್ಲೆ ಹೋಗ್ರಿ" ಎಂದು ನಗುತ್ತಿದ್ದಳು. ಅವೂ ಹೋದವು! ಮರಗಳ ಮೇಲೆ ಹೀರೆ, ಬುಡದಲ್ಲಿ ಹರಿವೆ, ನಡುವೆ ಎಲ್ಲಿಂದಲೋ ಹಳೆಯ ಬೇರು ಚಿಗುರಿ ಮೇಲೆದ್ದ ಎಲೆಬಳ್ಳಿ. ಅವಳ ಮಗಳು ತಲೆ ಬಾಚದೆ, ನೆರಳಲ್ಲಿ ಕಾಲು ಚಾಚಿ ಅವಲಕ್ಕಿ ತಿನ್ನುತ್ತ ನನ್ನನ್ನು ನೋಡುತ್ತಿದ್ದಳು.

"ಏ, ಗೂಟದ ಕ್ಷೌರ ಮುಗೀತೇನ?"

"ಮೊದಲ ನಿನ್ನ ತಲಿ ಬಾಚ್ಕೋ ಹೋಗು."

"ಬಾಚಿ ಏನ್ ಮಾಡ್ಲಿ? ನನ್ನ ತಲೀನೂ ನಿಮ್ಮ ಹೊಲದ ಹಂಗ ಆಗ್ತದ!"

ಅವಳು ಹಾಗೆಂದಳು ಎಂಬುದಕ್ಕಿಂತ, ಅವಳ ತಾಯಿ ಅವಳನ್ನು ಗದರಿಸದೆ ನಕ್ಕಳು ಎಂಬುದು ನನ್ನನ್ನು ಹೆಚ್ಚು ಉರಿಸಿತು. ನನ್ನವ್ವನ ಉರಿ ಬೇರೆ. ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವಳು, "ದೇವರಿಗೂ ಕಣ್ಣಿಲ್ಲ, ಮಣ್ಣಿಗೂ ಕಣ್ಣಿಲ್ಲ" ಎನ್ನುತ್ತಿದ್ದಳು. ಕಡೆಕಡೆಗೆ ನಾನು ಅವರ ಹಸಿರು ಕಣ್ಣಿಗೆ ಬೀಳುತ್ತದೆಂದು ಬದುವಿನ ಮೂಲೆಯ ಗೂಟದ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಆ ಸೋಮವಾರ ಬಿಡುವಂತಿರಲಿಲ್ಲ. ಗೌಡರು ಬರುವವರು, ಎಲ್ಲ ಗೂಟವೂ ಚೊಕ್ಕ ಇರಬೇಕೆಂದು ಅಪ್ಪನ ಅಪ್ಪಣೆ. ಹೋಗಿ ನೋಡಿದರೆ ಮೂಲೆಯ ಗೂಟವೇ ಕಾಣಲಿಲ್ಲ. ಅವರ ಹೀರೇಬಳ್ಳಿ ಬದು ದಾಟಿ ಬಂದು, ನಮ್ಮ ಗೂಟವನ್ನು ಸುತ್ತಿ, ನಾನು ಮುರಿಯದೆ ಬಿಟ್ಟಿದ್ದ ಹಾಲವಾಣದ ಕೊಂಬೆಗಳ ಮೇಲೆ ಹಬ್ಬಿ, ಕಾಯಿ ಬಿಟ್ಟಿತ್ತು. ಮೊಳಕೈ ಉದ್ದದ ಎಳೆಯ ಕಾಯಿಗಳು, ಎಲ್ಲವೂ ನಮ್ಮ ಕಡೆಗೇ ಜೋತುಬಿದ್ದಿದ್ದವು.

"ಕಿತ್ತು ಆಚಿ ಒಗಿ" ಎಂದಳು ಅವ್ವ. "ಅವರ ಸೊಕ್ಕು ನಮ್ಮ ಹೊಲಕ್ಕೂ ಬಂತು."

ಬದುವಿನ ಮೇಲೆ ಕೂತಿದ್ದ ಅಜ್ಜಿ, "ಕಿತ್ರ ಇರೋ ಒಂದು ಹಸರೂ ಹೋತು. ಸುಮ್ಕ ಕುಂಡ್ರು" ಎಂದಳು.

"ಅವರ ಹಸರು ತೋರಿಸಿ ನಾ ಹೊಲ ಉಳಿಸ್ಕೋಬೇಕೇನ್ರಿ ಅತ್ತಿ?"

"ಉಳದ ಮ್ಯಾಲ ಸಿಟ್ಟು ಮಾಡವಾ. ಹೋದ ಮ್ಯಾಲ ಸಿಟ್ಟು ಮಾಡಿದ್ರ ಯಾರ ಕೇಳ್ತಾರ?"

ಅಪ್ಪ ಗಜಕೋಲು ಹಿಡಿದು ಬದುವನ್ನು ನೋಡುತ್ತ ನಿಂತಿದ್ದರು. ತೀರ್ಮಾನವಾಗುವ ಮೊದಲೇ ಗೌಡರು ಬಂದರು. ಅವರ ಹಿಂದೆಯೇ ಮಾಸ್ತರರ ಮನೆಯವರು, ಎಂದಿನಂತೆ ತಡವಾಗಿ, ಆ ಹುಡುಗಿ ಎಂದಿನಂತೆ ಕೂದಲು ಹರವಿಕೊಂಡು.

ಗೌಡರು ನಮ್ಮ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಸಾವಕಾರ್ರ, ಇದು ಹೊಲಾನೋ, ಅಂಗಳಾನೋ? ಭಾರಿ ಚೊಕ್ಕ ಇಟ್ಟೀರಿ. ರಂಗೋಲಿ ಒಂದು ಕಡಿಮಿ ನೋಡ್ರಿ."

ಗೌಡರ ಕಣ್ಣು ಮೂಲೆಗೆ ಹೋಯಿತು.

"ಆ ಬಳ್ಳಿ ಯಾರದು?"

ಅವ್ವ ಅಪ್ಪನ ಮುಖ ನೋಡಿದಳು. ಹರಿದ ಥಾನನ್ನು ಗಿರಾಕಿಗೆ ತಾವೇ ಬಿಚ್ಚಿ ತೋರಿಸುವ ಮನುಷ್ಯ ಅವರು. "ಬುಡ ಅವರ ಕಡೆ ಐತ್ರಿ" ಎಂದರು. ಪಟ್ಟಿ ಹೋಯಿತು ಎಂದುಕೊಂಡೆ.

ಆಗ ವೈನಿ ಬದುವಿನ ಆಚೆಯಿಂದ, "ಬುಡ ನಮ್ಮ ಕಡೆ ಅದ ರೀ, ಕಾಯಿ ಅವರ ಕಡೆ ಅವ" ಎಂದಳು. "ಹೋಗು ಅಂತ ನಾವೇನ್ ಹೇಳಿಲ್ಲ. ಆ ಗೂಟ ಮನಸಿಗೆ ಬಂದದ, ಹೋಗೇದ. ಮಗಳ ಗಂಡನ ಮನಿಗೆ ಹೋದ ಮ್ಯಾಲೆ ಆಕಿ ಹಡದದ್ದನ್ನ ತವರಮನಿಯವರು ಕೇಳ್ತಾರೇನು?"

ಗೌಡರು ಹೊಟ್ಟೆ ಹಿಡಿದು ನಕ್ಕರು. ಹತ್ತಿರ ಹೋಗಿ ಗೂಟ ಮುಟ್ಟಿದರು. "ಅಲ್ರಿ, ಈ ಹಾಲವಾಣ ಚಿಗತೈತಿ. ಉಳದವು ಯಾಕ ಬೋಳು?"

"ಈಕಿ ದಿನಾ ಕ್ಷೌರ ಮಾಡ್ತಾಳ್ರಿ!" ಎಂದಳು ಆ ಹುಡುಗಿ. ಈ ಸಲ ಎಲ್ಲರೂ ನಕ್ಕರು. ಅಜ್ಜಿ ಕೂಡ.

"ಇನ್ ಮ್ಯಾಲ ಕ್ಷೌರ ಬ್ಯಾಡವಾ" ಎಂದು ಗೌಡರು ನನಗೇ ಹೇಳಿದರು. "ಎಲ್ಲಾ ಚಿಗೀಲಿ, ನೆರಳಾಗಲಿ. ಸಾವಕಾರ್ರ, ದೀಪಾವಳಿ ತನಕ ಪಟ್ಟಿ ನಿಮ್ಮ ಕಡೇನ ಇರ್ಲಿ. ಆವಾಗ ಬಂದು ನೋಡ್ತೇನಿ. ಅಷ್ಟರಾಗ ಬಳ್ಳಿ ತವರಮನಿಗೆ ಓಡಿ ಹೋದ್ರ ನನ್ನ ಕಡೆ ಫಿರ್ಯಾದಿ ತರಬ್ಯಾಡ್ರಿ."

ಪಟ್ಟಿ ಉಳಿಯಿತು. ವೈನಿ ಕಾಯಿಗಳನ್ನು ತಾನೇ ಕೊಯ್ದು ಅವ್ವನ ಉಡಿಗೆ ಹಾಕಿದಳು. "ತವರಮನಿಯಿಂದ ಉಡಿ ತುಂಬೇನಿ ಅಂತ ತಿಳ್ಕೋರಿ." ಅವ್ವ ತಲೆ ಬಗ್ಗಿಸಿ ತೆಗೆದುಕೊಂಡಳು. ಮನೆಯ ಹೊಸ್ತಿಲು ದಾಟಿದ ಮೇಲೆ, "ಬಳ್ಳೀನೂ ಆಕೀದ, ಕಾಯೀನೂ ಆಕೀದ, ಒಳ್ಳೇತನಾನೂ ಆಕೀದ. ನಮಗ ಏನ್ ಉಳೀತು?" ಎಂದಳು. ಆ ಮನೆಯವರು ನಮಗೆ ಕೆಟ್ಟದ್ದು ಮಾಡಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ನೆಲೆಯಿರುತ್ತಿತ್ತು. ಅವರು ಅಷ್ಟನ್ನೂ ಕೊಡಲಿಲ್ಲ.

ಶ್ರಾವಣ ಸೋಮವಾರದ ಒಪ್ಪತ್ತು. ಪೂಜೆ ಮುಗಿದು ನಾಲ್ಕು ಗಂಟೆಗೆ ಊಟ. ಅವ್ವ ಹೀರೇಕಾಯಿಯ ಪಲ್ಯ ಮಾಡಿದ್ದಳು. ಸಿಪ್ಪೆಯನ್ನೂ ಬಿಡದೆ ಎಳ್ಳು ಹಾಕಿ ಚಟ್ನಿ ಅರೆದಿದ್ದಳು. ಅಜ್ಜಿ ಎರಡನೆಯ ಸಲ ಹಾಕಿಸಿಕೊಂಡು, "ಬಾಯಾಗ ಕರಗತೈತಿ" ಎಂದಳು.

"ನೀರು ಹೆಚ್ಚು ಅದಾವು ಕಾಯಾಗ" ಎಂದಳು ಅವ್ವ.

ನಾನು ತಿಂದೆ. ರುಚಿಯಾಗಿತ್ತು. ಇನ್ನಷ್ಟು ಬೇಕೆನಿಸಿತು, ಕೇಳಲಿಲ್ಲ.

ಸಂಜೆ ಅಪ್ಪ ಮತ್ತೆ ತೋಟಕ್ಕೆ ಕರೆದೊಯ್ದರು. ಸಾಲು ಕೆದರಲಿಲ್ಲ, ಗಜಕೋಲನ್ನೂ ತಂದಿರಲಿಲ್ಲ. ಕುರ್ಪಿ ತೊಳೆದೆವು, ಬುಟ್ಟಿ ಮಗುಚಿಟ್ಟೆವು. ಬದುವಿನ ಆಚೆ ಎಲ್ಲರೂ ಹೋಗಿಯಾಗಿತ್ತು. ಅವರ ಒಂದು ಕುಡಗೋಲು ಹಾಗೇ ಮಣ್ಣಿನಲ್ಲಿ ಬಿದ್ದಿತ್ತು. ಮೂಲೆಯ ಗೂಟದ ಹತ್ತಿರ ಬಳ್ಳಿಯ ಒಂದು ಹೊಸ ಕುಡಿ ಗಾಳಿಗೆ ತಿರುಗಿ ಅವರ ಮರದ ಕಡೆ ಚಾಚಿತ್ತು. ನಾನು ಲಂಗದ ಗಂಟಿನಿಂದ ಅಂಗಡಿಯ ಅರಿವೆಯಂಚಿನ ಚಿಂದಿ ತೆಗೆದೆ, ಬರುವಾಗಲೇ ತಂದಿದ್ದೆ. ಕುಡಿಯನ್ನು ಮುರಿಯದಂತೆ ನಮ್ಮ ಕಡೆಗೆ ತಿರುಗಿಸಿ, ಹಾಲವಾಣದ ಚಿಗುರಿಗೆ ಕೂಡಿಸಿ, ಎರಡು ಗಂಟು ಹಾಕಿ ಕಟ್ಟಿದೆ. ಎಳೆದು ನೋಡಿದೆ. ಬಿಗಿಯಾಗಿತ್ತು. ಚಪ್ಪಲಿ ಮೆಟ್ಟಿ ಅಪ್ಪನ ಹಿಂದೆ ಮನೆಗೆ ನಡೆದೆ.