ಬಾಣಂತನಕ್ಕೆ ಹೋಗಲಾರದ ಡಾಕ್ಟರು

ಡಾಕ್ಟರ್ ಕೌಸಲ್ಯಾ ವಿಮಾನದ ಟಿಕೆಟ್ ಕೊಳ್ಳುವುದನ್ನು ನೋಡಬೇಕು. ಏಜೆಂಟನ ಹತ್ತಿರ ದರ ವಿಚಾರಿಸುವುದಿಲ್ಲ, "ಇಂಜಿನ್ ಕೆಟ್ರೆ ಯಾವ ಸ್ಟೇಟಲ್ಲಿ ಇಳಿಸ್ತಾರೆ?" ಎಂದು ಕೇಳುತ್ತಾಳೆ. ಗರ್ಭಪಾತ ನಿಷೇಧಿಸಿದ ರಾಜ್ಯಗಳ ಹೆಂಗಸರಿಗೆ ನ್ಯೂಯಾರ್ಕಿನಲ್ಲಿ ಕೂತು ಮಾತ್ರೆ ಅಂಚೆಗೆ ಹಾಕುವ ಡಾಕ್ಟರುಗಳ ಕುಲವೇ ಹೀಗೆ. ಇಲ್ಲಿನ ಕಾನೂನು ಅವರನ್ನು ಹಿಡಿದುಕೊಡುವುದಿಲ್ಲ; ಆ ರಾಜ್ಯಗಳಿಗೆ ಕಾಲಿಟ್ಟರೆ ಕೈಗೆ ಬೇಡಿ. ಮನೆಗೆ ಪಿಜ್ಜಾ ತಂದವನನ್ನೂ ಕೌಸಲ್ಯಾ ಬಾಗಿಲ ಸಂದಿಯಿಂದಲೇ "ವಾರಂಟ್ ಇದೆಯಾ?" ಎಂದು ವಿಚಾರಿಸುತ್ತಾಳೆ. ದೇವಸ್ಥಾನದಲ್ಲಿ ಆಂಟಿಯರು "ಪಾಪ ಅಲ್ವೇನ್ರೀ?" ಎಂದರೆ, "ಮೂರು ಮಕ್ಕಳ ತಾಯಿ ಫೋನ್ ಮಾಡಿ ಅತ್ತರೆ ನಿಮ್ಮ ನಂಬರ್ ಕೊಡ್ಲಾ?" ಎನ್ನುತ್ತಾಳೆ, ಆಂಟಿಯರು ಪ್ರಸಾದದ ಕಡೆ ತಿರುಗುತ್ತಾರೆ. ಅವಳ ಮೇಲೆ ವಾರಂಟ್ ಹೊರಡಿಸಿರುವ ರಾಜ್ಯದಲ್ಲೇ ಮಗಳು ಹಂಸಿನಿ ಈಗ ತುಂಬು ಬಸುರಿ. ಬಾಣಂತನಕ್ಕೆ ಹೋಗುವಂತಿಲ್ಲ. ಹಾಗಾಗಿ ಭಾನುವಾರಗಳಂದು ಅಳಿಯ ನವನೀತನಿಗೆ ವಿಡಿಯೋದಲ್ಲೇ ಮಗುವಿಗೆ ಎರೆಯುವ ಪಾಠ. ಅವನು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಗೊಂಬೆ ಮಲಗಿಸಿಕೊಳ್ಳುತ್ತಾನೆ. "ಕತ್ತು ಹಿಡಿಯಪ್ಪಾ, ಲ್ಯಾಪ್‌ಟಾಪ್ ಅಲ್ಲ ಅದು!" ಎಂದು ಇವಳು ಕೂಗುತ್ತಾಳೆ. ಮೊನ್ನೆ ಅವನ ಹಿಂದಿನಿಂದ ಹಂಸಿನಿ, "ಅಮ್ಮಾ, ಆ ಮಾತ್ರೆ ಕಳ್ಸೋದು ಬಿಟ್ಟು ಬಂದ್ಬಿಡೇ," ಎಂದಳು. "ಬಿಟ್ರೆ ವಾರಂಟ್ ಹರಿದು ಹಾಕ್ತಾರೇನೇ?" ಎಂದು ಗದರಿದ ಕೌಸಲ್ಯಾಳ ದನಿ ಅಲ್ಲೇ ಒಡೆಯಿತು. ಆಮೇಲೆ, "ನವನೀತ್, ಮೊಣಕೈಯಲ್ಲಿ ನೀರಿನ ಬಿಸಿ ನೋಡು," ಎಂದಳು. ಬಕೆಟ್ಟಿನಲ್ಲಿ ನೀರಿರಲಿಲ್ಲ. ಅವನು ಖಾಲಿ ಬಕೆಟ್ಟಿಗೇ ಮೊಣಕೈ ಇಳಿಸಿದ.