ವಾರಿಜತ್ತೆ ತಂದ ಫುಟ್‌ಬಾಲ್ ಸಂಬಂಧಗಳು

ಬ್ರೆಜಿಲಿನ ಹುಡುಗನೊಬ್ಬನ ಫೋಟೋ ನಮ್ಮ ಟಿವಿಯಲ್ಲಿ ಮೂಡಿತ್ತು. ಪಕ್ಕದಲ್ಲಿ ಅವನ ವಯಸ್ಸು, ಎತ್ತರ, ತೂಕ, ಯಾವ ಕಾಲಿನಿಂದ ಒದೆಯುತ್ತಾನೆ, ಎಷ್ಟು ವೇಗವಾಗಿ ಓಡುತ್ತಾನೆ, ಈಗ ಸಂಬಳ ಎಷ್ಟು ಎಂಬುದೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದಾಗಿ ಓದಿ ಹೇಳಿದೆ. ವಾರಿಜತ್ತೆ ಕನ್ನಡಕ ಏರಿಸಿ ಹುಡುಗನ ಮುಖವನ್ನು ಚೆನ್ನಾಗಿ ನೋಡಿದರು.

"ಅದೆಲ್ಲ ಸರಿ. ಇವನ ಅಮ್ಮ ಇದ್ದಾಳಾ?"

"ಅದೆಲ್ಲ ಇದರಲ್ಲಿ ಬರುವುದಿಲ್ಲ ಅತ್ತೆ."

"ಕಾಲಿನ ವಿಷಯ ಅಷ್ಟುದ್ದ ಬರೆದವರಿಗೆ ಮನೆಯ ವಿಷಯ ಬರೀಲಿಕ್ಕೆ ಎಂತ ಧಾಡಿ?"

ವಾರಿಜತ್ತೆ ನಮಗೆ ರಕ್ತಸಂಬಂಧಿಯಲ್ಲ. ಡೊಂಬಿವಲಿ ಪೂರ್ವದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿದ್ದವರು. ಅವರ ಗಂಡ ಶಹಾಡ್ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು. ಅತ್ತೆಯ ಕಸುಬು ಮದುವೆ ಮಾಡಿಸುವುದು. ಕಲ್ಯಾಣದಿಂದ ನೆರೂಳಿನವರೆಗೆ, ಉಡುಪಿ, ಕುಂದಾಪುರ, ಮೂಲ್ಕಿ ಕಡೆಯಿಂದ ಬಂದ ಮನೆಗಳಲ್ಲಿ ಯಾರ ಹುಡುಗಿಗೆ ಮದುವೆಯ ವಯಸ್ಸಾಯಿತು, ಯಾರ ಹುಡುಗ ಹೋಟೆಲು ಬಿಟ್ಟು ಬ್ಯಾಂಕು ಸೇರಿದ ಎಂಬುದು ಅವರ ನಾಲಿಗೆ ತುದಿಯಲ್ಲಿತ್ತು. ಕೊಡೆ, ಬಟ್ಟೆಯ ಚೀಲ, ಸೊಂಟಕ್ಕೆ ಸಿಕ್ಕಿಸಿದ ಟ್ರೇನ್ ಪಾಸು, ಇಷ್ಟೇ ಅವರ ಆಫೀಸು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಸೀಟು ಸಿಗದಿದ್ದರೂ ಠಾಣೆ ಸ್ಟೇಷನ್ ಬರುವಷ್ಟರಲ್ಲಿ ಒಂದು ಜಾತಕ ವಿಚಾರಿಸಿ ಮುಗಿಸುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಹುಡುಗನ ಮನೆಗೆ ಮೊದಲ ಸಲ ಹೇಳದೆ ಹೋಗುವುದು, ಅದೂ ಬೆಳಗಿನ ಅಡುಗೆಯ ಗಡಿಬಿಡಿಯ ಹೊತ್ತಿಗೆ. ಹೋಗಿ ಕೂತು ಚಹಾ ಬೇಡ, ನೀರು ಸಾಕು ಎನ್ನುವುದು. ನೀರು ಯಾರು ತರುತ್ತಾರೆಂದು ನೋಡುವುದು. ಹುಡುಗ ತಾನೇ ಎದ್ದು ತಂದರೆ ಆ ಮನೆ ಪಾಸು. ಕೂತಲ್ಲಿಂದಲೇ ಒಳಗೆ ಕೂಗಿದರೆ, ಅತ್ತೆ ನೀರು ಕುಡಿದು ಎದ್ದು ಬರುತ್ತಿದ್ದರು. ಮುಂದೆ ಗಂಡಹೆಂಡಿರಿಗೆ ಜಗಳವಾಗಿ ಯಾರಾದರೂ ದೂರು ತಂದರೆ ಮಾತ್ರ ಅವರದು ಒಂದೇ ಉತ್ತರ: "ನೋಡು ಮಾರಾಯ್ತಿ, ಮಾಡಿಸುವ ವರೆಗೆ ನಂದು. ಮತ್ತಿನದ್ದು ನಿಮ್ಮದು."

ಇಂಥವರು ನಮ್ಮ ವಿಡಿಯೋ ಗೇಮಿನೊಳಗೆ ಬಂದು ಕೂತದ್ದು ಹೀಗೆ. ನನ್ನ ತಮ್ಮ ಪ್ರವೀಣ ಠಾಣೆಯ ನೌಪಾಡಾದ ಅಂಗಡಿಯೊಂದರಿಂದ ಹಳೆಯ ಗೇಮ್ ಡಬ್ಬವೊಂದನ್ನು ತಂದಿದ್ದ. ಅದರ ಫುಟ್‌ಬಾಲ್ ಆಟದಲ್ಲಿ 'ಕರಿಯರ್ ಮೋಡ್' ಎಂದಿದೆ. ನೀವು ಒಂದು ಕ್ಲಬ್ಬಿನ ಮ್ಯಾನೇಜರ್ ಆಗುತ್ತೀರಿ. ಪಂದ್ಯ ಆಡಿದರೆ ಸಾಲದು, ಬೇರೆ ಕ್ಲಬ್ಬುಗಳಿಂದ ಆಟಗಾರರನ್ನು ತರಬೇಕು, ಇದ್ದವರನ್ನು ಮಾರಬೇಕು, ಒಪ್ಪಂದ ಮಾಡಿಕೊಳ್ಳಬೇಕು. ಪ್ರವೀಣನಿಗೆ ಗೋಲು ಹೊಡೆಯುವುದೊಂದೇ ಬೇಕು. ನಾನಾಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. "ತೂ ಕಾಮರ್ಸ್ ವಾಲೀ ಹೈ ನಾ, ತೂ ದೇಖ್" ಎಂದು ವ್ಯವಹಾರ ನನ್ನ ಮೇಲೆ ಹಾಕಿದ. ನಾವು ಆರಿಸಿದ್ದು ಇಂಗ್ಲೆಂಡಿನ ಯಾವುದೋ ಸಮುದ್ರದಂಡೆಯ ಊರಿನ, ಎಲ್ಲಕ್ಕಿಂತ ಕೆಳಗಿನ ಡಿವಿಜನ್ನಿನ ಬಡ ಕ್ಲಬ್ಬು. ಅದರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಸರಿಯಾಗಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮನ ಹತ್ತಿರ ಮಾತಾಡಲು ಬಂದ ಅತ್ತೆ ಟಿವಿಯ ಮುಂದೆ ನಿಂತುಬಿಟ್ಟರು. ಸಾಲುಸಾಲು ಹುಡುಗರು, ಫೋಟೋ, ಎತ್ತರ, ಸಂಬಳ.

"ಎಂತ ಲಲಿತಾ, ನನಗೆ ಹೇಳದೆ ನಿನ್ನ ಮಗಳು ಟಿವಿಯಲ್ಲೇ ಹುಡುಗ ನೋಡ್ತಾ ಇದ್ದಾಳೆ!"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಾನು ಆಟವನ್ನು ವಿವರಿಸಿದೆ. ಹುಡುಗರನ್ನು ಹುಡುಕಿ ವರದಿ ಕಳಿಸಲು ಕ್ಲಬ್ಬಿಗೊಬ್ಬ ಮನುಷ್ಯನಿರುತ್ತಾನೆ, ಅವನಿಗೆ ಸ್ಕೌಟ್ ಎನ್ನುತ್ತಾರೆ ಎಂದೆ. ಅತ್ತೆಯ ಮುಖ ಅರಳಿತು. "ನಮ್ಮ ಕಸುಬಿನವ" ಎಂದರು. ಅವನ ವರದಿ ಬರಲು ವಾರಗಟ್ಟಲೆ ಬೇಕು ಎಂದು ತಿಳಿದಾಗ, "ಎಲ್ಲಿಯೋ ಚಾ ಕುಡೀತಾ ಕೂತಿದ್ದಾನೆ, ಗ್ಯಾರಂಟಿ" ಎಂದು ಅವನ ಮೇಲಿನ ಗೌರವವನ್ನು ಅಲ್ಲೇ ಕಳೆದುಕೊಂಡರು.

ಅಂದಿನಿಂದ ಅವರ ಮಧ್ಯಾಹ್ನಗಳು ನಮ್ಮ ಸೋಫಾದ ಮೇಲೆ. ಆಟಗಾರರನ್ನು ಕೊಳ್ಳುವುದಕ್ಕೆ ಅವರು 'ತರುವುದು' ಎನ್ನುತ್ತಿದ್ದರು, ಮಾರುವುದಕ್ಕೆ 'ಕೊಡುವುದು'. ಕ್ಲಬ್ಬಿಗೆ 'ನಮ್ಮ ಮನೆ'. ವರ್ಷಕ್ಕೊಂದು ಕ್ಲಬ್ಬು ಬದಲಿಸಿದವನನ್ನು ತರಕೂಡದು, "ಅವನಿಗೆ ಯಾವ ಮನೆಯ ಊಟವೂ ಸೇರುದಿಲ್ಲ." ಒಂದೇ ಜಾಗಕ್ಕೆ ಇಬ್ಬರು ಜೋರಿನವರನ್ನು ತರಕೂಡದು, "ಅಡುಗೆಮನೆಯಲ್ಲಿ ಎಂತ ಆಗ್ತದೆ ಅಂತ ನನ್ನ ಹತ್ರ ಕೇಳು." ತಲೆ ಬೋಳಾಗುತ್ತ ಬಂದ ಮುದಿ ಗೋಲ್‌ಕೀಪರನನ್ನು ಪ್ರವೀಣ ಕಳಿಸಲು ಹೊರಟಾಗ ಅತ್ತೆ ಬಿಡಲಿಲ್ಲ. ಮನೆಗೊಬ್ಬ ಹಿರಿಯ ಬೇಕಂತೆ. ಆ ಹಿರಿಯ ಮೇಲಿನ ಡಿವಿಜನ್ನಿಗೆ ಏರುವ ಪಂದ್ಯದಲ್ಲಿ ಚೆಂಡನ್ನು ಕೈಯಿಂದ ಜಾರಿಸಿ ನಮ್ಮನ್ನು ಸೋಲಿಸಿದ. ಪ್ರವೀಣ ತಲೆ ಚಚ್ಚಿಕೊಂಡ. ಅತ್ತೆ ಕೊಡೆ ಎತ್ತಿಕೊಂಡು ಎದ್ದರು. "ಮಾಡಿಸುವ ವರೆಗೆ ನಂದು ಮಗಾ."

ಎಲ್ಲಕ್ಕಿಂತ ದೊಡ್ಡ ಗೋಳು ಆಟಿ ತಿಂಗಳದ್ದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿಯಲ್ಲಿ ನಮ್ಮ ಕಡೆಯವರು ಶುಭಕಾರ್ಯ ಮಾಡುವುದಿಲ್ಲ, ಸಂಬಂಧದ ಮಾತನ್ನೂ ಎತ್ತುವುದಿಲ್ಲ. ಫುಟ್‌ಬಾಲಿನಲ್ಲೋ ಆಟಗಾರರನ್ನು ತರುವ ಮುಖ್ಯ ಕಾಲವೇ ಅದು. ಆಗಸ್ಟ್ ಮುಗಿದರೆ ಬಾಗಿಲು ಹಾಕಿದಂತೆ. ನಮ್ಮ ಕಿಟಕಿಯ ಹೊರಗೆ ಮಾರ್ಚ್ ತಿಂಗಳ ಬಿಸಿಲು, ಟಿವಿಯೊಳಗೆ ಜುಲೈ. ಅತ್ತೆ ಟಿವಿಯ ಪಂಚಾಂಗವನ್ನೇ ಹಿಡಿದು, ಆಟಿ ಮುಗಿಯುವವರೆಗೆ ಯಾರನ್ನೂ ತರಕೂಡದೆಂದರು.

"ಅತ್ತೆ, ಇಂಗ್ಲೆಂಡ್ ಮೇಂ ಆಟಿ ನಹೀ ಹೋತಾ!" ಎಂದು ಪ್ರವೀಣ ಕೂಗಾಡಿದ.

"ಇಂಗ್ಲೆಂಡಿನವರಿಗೆ ಇಲ್ಲದೆ ಇರಬಹುದು. ಮಾತುಕತೆ ಮಾಡುವವರು ನಾವಲ್ಲವಾ?"

ನಾವು ಕಣ್ಣಿಟ್ಟಿದ್ದ ಮುಂಚೂಣಿ ಆಟಗಾರನನ್ನು ಆಟಿಯ ಮೊದಲ ವಾರದಲ್ಲೇ ಬೇರೆಯವರು ಹಾರಿಸಿಕೊಂಡು ಹೋದರು. ಆದರೆ ಆಗಸ್ಟ್ ಕೊನೆಗೆ ದೊಡ್ಡ ಕ್ಲಬ್ಬುಗಳು ಉಳಿದ ಹುಡುಗರನ್ನು ಸಿಕ್ಕಿದ ಬೆಲೆಗೆ ಬಿಟ್ಟುಕೊಡತೊಡಗಿದಾಗ, ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಆ ಬ್ರೆಜಿಲಿನ ಹುಡುಗ ನಮಗೆ ಸಿಕ್ಕಿದ. ಅವನ ಅಮ್ಮನ ವಿಷಯ ಗೊತ್ತಾಗದಿದ್ದರೂ ಅತ್ತೆ ಒಪ್ಪಿದರು. ಒಪ್ಪಿಗೆಯ ಗುಂಡಿ ಒತ್ತುವ ಹಕ್ಕು ಅವರದೇ. ಒತ್ತುವ ಮೊದಲು ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಆ ದಿನಗಳಲ್ಲೇ ಅವರು ನನಗೂ ಒಂದು ಸಂಬಂಧ ತಂದರು.

ನೆರೂಳಿನ ಮನೆ. ಸ್ವಂತ ಹೋಟೆಲು, ಒಬ್ಬನೇ ಮಗ. ನೀರು ತಾನೇ ತಂದುಕೊಟ್ಟವನು. ಸುಳ್ಳೇಕೆ ಹೇಳಲಿ, ನೋಡಲೂ ಚೆನ್ನಾಗಿದ್ದ. ಅವರದು ಒಂದೇ ಮಾತು: ಮದುವೆ ಬೇಗ ಆಗಬೇಕು, ಸೊಸೆ ಗಲ್ಲಾದಲ್ಲಿ ಕೂರಬೇಕು, ಕಾಲೇಜು ಇಲ್ಲಿಗೆ ಸಾಕು. ನನ್ನ ಅಪ್ಪ ಠಾಣೆಯ ಕೋಪರಿಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವರು. ಕಲ್ಲಿನ ಮುಂದೆ ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅವರು ಓದಿದ್ದು ಏಳನೆಯವರೆಗೆ, ಅಮ್ಮ ಐದನೆಯವರೆಗೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಇನ್ನೊಂದು ವರ್ಷ ಬಾಕಿಯಿತ್ತು. ಅಪ್ಪನಿಗೆ ಆ ಸಂಬಂಧ ಕೇಳಿ ಆದ ಸಂತೋಷ ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಆ ವಾರ ನಮ್ಮ ಬ್ರೆಜಿಲಿನ ಹುಡುಗನಿಗೂ ಬೇಡಿಕೆ ಬಂತು. ಎಲ್ಲಕ್ಕಿಂತ ಮೇಲಿನ ಡಿವಿಜನ್ನಿನ ದೊಡ್ಡ ಕ್ಲಬ್ಬು, ನಾವು ಕನಸಿನಲ್ಲೂ ಕಾಣದ ಬೆಲೆ.

"ಬೇಚ್ ಡಾಲೋ ಅತ್ತೆ!" ಪ್ರವೀಣ ಕುಣಿದ.

"ಬೇಡ" ಎಂದರು ಅತ್ತೆ. "ಈಗ ಕೊಟ್ರೆ ಅಲ್ಲಿ ಹೋಗಿ ಬೆಂಚಿನ ಮೇಲೆ ಕೂರ್ತಾನೆ. ಕಲಿಯುವ ಪ್ರಾಯ. ಇಲ್ಲೇ ಒಂದು ವರ್ಷ ಆಡ್ಲಿ, ಮತ್ತೆ ಅವನೇ ನೋಡಿ ಹೋಗ್ತಾನೆ."

"ಮತ್ತೆ ನಾನು, ಅತ್ತೆ?" ಎಂದೆ.

ಯೋಚಿಸಿ ಆಡಿದ ಮಾತಲ್ಲ, ಬಂದುಬಿಟ್ಟಿತು. ಅತ್ತೆ ನನ್ನ ಮುಖ ನೋಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅತ್ತೆ ಅರ್ಧ ಕುಡಿದ ಚಹಾದ ಲೋಟ ಕೆಳಗಿಟ್ಟು, ಕೊಡೆಯನ್ನೂ ಮರೆತು ಇಳಿದು ಹೋದರು.

ಅಪ್ಪನ ವಾರದ ರಜೆ ಮಂಗಳವಾರ. ಅವರು ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಾಗ ಅತ್ತೆ ಬಂದರು. ನಿಂತೇ ಹೇಳಿದರು.

"ಭಾಸ್ಕರಣ್ಣ, ನೆರೂಳಿನವರಿಗೆ ಬೇಡ ಅಂತ ಹೇಳಿ ಬಂದೆ."

ಅಪ್ಪನ ಕೈ ನಿಂತಿತು. "ಯಾರನ್ನು ಕೇಳಿ ಹೇಳಿದ್ದು?"

"ಕೇಳಿದ್ರೆ ನೀವು ಬಿಡ್ತಿರ್ಲಿಲ್ಲ."

"ವಾರಿಜಕ್ಕ, ಇಂಥದ್ದು ಇನ್ನೊಂದು ಬರ್ತದಾ? ನನ್ನ ಕಾಲು ನೋಡಿ. ಇನ್ನೆಷ್ಟು ವರ್ಷ ನಿಲ್ಲುದು ನಾನು?"

"ಕಾಲು ನೋಡಿಯೇ ಹೇಳ್ತಿರುದು. ಈಗ ಕೊಟ್ರೆ ಅವಳು ಅವರ ಗಲ್ಲಾದಲ್ಲಿ ಕೂರ್ತಾಳೆ, ಎದ್ದು ಹೋಗುವಾಗ ಕೇಳಿ ಹೋಗ್ಬೇಕು. ಒಂದು ವರ್ಷ ಕೊಡಿ. ಮತ್ತೆ ಸಂಬಂಧ ಬರದಿದ್ರೆ ನನ್ನ ಬಾಗಿಲಿಗೆ ಬಂದು ಬಯ್ಯಿ, ನಾನೇ ಕುರ್ಚಿ ಹಾಕಿ ಕೊಡ್ತೇನೆ."

"ನೀವೇ ತಂದು ನೀವೇ ಬಿಡಿಸಿದ್ರೆ ನಿಮ್ಮ ಹೆಸರು ಎಂತ ಆಗ್ಬೇಕು?"

"ಅದು ಹೋಗಿ ಆಯ್ತು. ಹುಡುಗನ ಅಮ್ಮ ಲಿಫ್ಟಿನ ವರೆಗೆ ಬಂದು ಬೈದ್ಲು. ಲಿಫ್ಟು ಕೆಳಗೆ ಇಳಿದರೂ ಕೇಳ್ತಾ ಇತ್ತು. ಒಳ್ಳೆ ಗಂಟಲು."

ಅಪ್ಪನಿಗೆ ನಗು ಬಂತು, ತಡೆದುಕೊಂಡರು. ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುತ್ತ ಕೇಳಿದರು, "ಪಾಸಾಗ್ತಾಳಾ?"

ಅತ್ತೆ ನನ್ನ ಕಡೆ ತಿರುಗಿದರು. "ಆಗ್ತೀಯಾ?"

"ಆಗ್ತೇನೆ."

"ಆಗ್ತಾಳಂತೆ."

ನೆರೂಳಿನವರು ಸುಮ್ಮನಿರಲಿಲ್ಲ. ವಾಶಿಯಿಂದ ಪನವೇಲಿನವರೆಗೆ ಅತ್ತೆಯ ಹೆಸರು ಕೆಟ್ಟಿತು. ಮೊದಲೆಲ್ಲ ಬಡಿದುಕೊಳ್ಳುತ್ತಲೇ ಇರುತ್ತಿದ್ದ ಅವರ ಫೋನು ಆ ವರ್ಷ ಮೌನವಾಯಿತು. "ರೇಂಜ್ ಇಲ್ಲ ಕಾಣ್ತದೆ" ಎನ್ನುತ್ತಿದ್ದರು. ಹೀಗೆ ಉಳಿದ ಅವರ ಶಕ್ತಿಯೆಲ್ಲ ನಮ್ಮ ಕ್ಲಬ್ಬಿಗೆ ಬಂತು. ನಾನು ಪರೀಕ್ಷೆ ಮುಗಿಯುವವರೆಗೆ ಟಿವಿ ಮುಟ್ಟುವುದಿಲ್ಲವೆಂದು ಅಡುಗೆಮನೆಯ ನೆಲದ ಮೇಲೆ ಪುಸ್ತಕ ಹರಡಿ ಕೂತೆ. ಹೊರಗೆ ಅತ್ತೆ, ಪ್ರವೀಣ ಇಬ್ಬರ ಜಗಳ, ಗೋಲು ಬಿದ್ದಾಗ ಅತ್ತೆಯ ಚಪ್ಪಾಳೆ. ಕಾಸ್ಟ್ ಅಕೌಂಟಿಂಗಿನ ಲೆಕ್ಕಗಳನ್ನು ಆ ಗದ್ದಲದಲ್ಲೇ ಕಲಿತೆ.

ಒಂದು ದಿನ ಹೊರಗಿನಿಂದ ಪ್ರವೀಣನ ಅಳುವಂಥ ದನಿ ಕೇಳಿ ಓಡಿ ಬಂದೆ. ಬ್ರೆಜಿಲಿನ ಹುಡುಗ ಹೋಗಿಬಿಟ್ಟಿದ್ದ. ಮಾರಿದ್ದಲ್ಲ, ಒಪ್ಪಂದ ಮುಗಿದು ಬಿಟ್ಟಿಯಾಗಿ ಹೋದದ್ದು. ಒಪ್ಪಂದ ಮುಗಿಯುತ್ತ ಬಂತು, ಹೊಸದು ಮಾಡಿಕೊಳ್ಳಿ ಎಂದು ಆಟವೇ ತಿಂಗಳುಗಟ್ಟಲೆ ಎಚ್ಚರಿಸಿತ್ತಂತೆ. ಅತ್ತೆಯೇ ಬೇಡವೆಂದಿದ್ದರು.

"ಮನೆಗೆ ತಂದಾದ ಮೇಲೆ ಮತ್ತೆಂತ ಕರಾರು? ಪ್ರತಿ ವರ್ಷ ಹೋಗಿ, ಇರ್ತೀಯಾ ಮಾರಾಯ ಅಂತ ಕೇಳ್ಲಿಕ್ಕುಂಟಾ?"

"ಕೇಳಬೇಕು ಅತ್ತೆ. ಇದರಲ್ಲಿ ಕೇಳಲೇಬೇಕು" ಎಂದೆ.

"ಒಳ್ಳೆ ಪದ್ಧತಿ" ಎಂದರು ಅತ್ತೆ. "ನಮ್ಮಲ್ಲಿಯೂ ಕೇಳುದಾಗಿದ್ರೆ ಕೆಲವು ಗಂಡಸರು ಸರಿಯಾಗ್ತಿದ್ರು." ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ಹೊರಗೆ ಕೇಳಿಸಿತು.

ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಠಾಣೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಪ್ಪ ದೋಸೆಕಲ್ಲು ಬಿಟ್ಟು ಮನೆಗೆ ಬಂದರು. ಅತ್ತೆಯ ಗಂಡ ಕ್ಯಾಂಟೀನು ಬಿಟ್ಟುಕೊಟ್ಟ ಮೇಲೆ ಇಬ್ಬರೂ ಮಗಳ ಹತ್ತಿರ ಬರೋಡಾಕ್ಕೆ ಹೋದರು. ನಾನು ಆಫೀಸಿನವನೊಬ್ಬನನ್ನು ಮೆಚ್ಚಿದೆನೆಂದು ತಿಳಿದಾಗ ಅಲ್ಲಿಂದಲೇ ಫೋನು ಮಾಡಿ, ಅವನನ್ನು ಲೈನಿನಲ್ಲಿ ನಿಲ್ಲಿಸಿ ಅರ್ಧ ಗಂಟೆ ವಿಚಾರಿಸಿಕೊಂಡರು. ಅವನು ಬೆವರು ಒರೆಸಿಕೊಂಡು ಫೋನು ಇಟ್ಟ. ಮದುವೆಗೆ ಬರುತ್ತೇನೆಂದಿದ್ದರು. ಬರಲಾಗಲಿಲ್ಲ. ಮದುವೆಗೆ ಮೊದಲಿನ ಮಳೆಗಾಲದಲ್ಲಿ ಅಲ್ಲಿಯೇ ತೀರಿಕೊಂಡರು.

ನಾನು ಅವರನ್ನು ಕಣ್ಣಾರೆ ಕೊನೆಯ ಸಲ ನೋಡಿದ್ದು, ಅವರು ಬರೋಡಾಕ್ಕೆ ಹೊರಡುವ ಮೊದಲು ನಮ್ಮ ಕಾಲೇಜಿನ ಪದವಿ ಪ್ರದಾನದ ದಿನ. ಅಪ್ಪ, ಅಮ್ಮ, ಅತ್ತೆ ಮೂವರೂ ಬಂದಿದ್ದರು. ಅತ್ತೆ ದೊಡ್ಡ ಮದುವೆಗಳಿಗೆಂದು ಇಟ್ಟಿದ್ದ ಹಸಿರು ರೇಷ್ಮೆ ಉಟ್ಟು ನಡುವೆ ಕೂತಿದ್ದರು. ಇಲ್ಲಿಯ ಕಾಲೇಜುಗಳಲ್ಲಿ ಹೆಸರು ಕರೆಯುವ ರೀತಿಯೇ ಬೇರೆ. ಮೊದಲು ಮನೆತನ, ಆಮೇಲೆ ನಮ್ಮ ಹೆಸರು, ಅದರ ಹಿಂದೆ ತಂದೆಯದು, ಕೊನೆಗೆ ತಾಯಿಯದು. ಅಪ್ಪನಿಗೆ ಇದು ಗೊತ್ತಿರಲಿಲ್ಲ.

"ಪೂಜಾರಿ ಸುಜಾತಾ ಭಾಸ್ಕರ್ ಲಲಿತಾ!"

ಕಪ್ಪು ಗೌನು ಎತ್ತಿ ಹಿಡಿದು ನಾನು ಮೆಟ್ಟಿಲು ಹತ್ತುತ್ತಿದ್ದೆ. ತನ್ನ ಹೆಸರು ಮೈಕಿನಲ್ಲಿ ಕೇಳಿದ ಅಪ್ಪ ತನ್ನನ್ನೇ ಕರೆದರೆಂದು ತಿಳಿದು ಗಡಬಡಿಸಿ ಎದ್ದು ನಿಂತರು. ಹಿಂದಿನ ಸಾಲಿನ ಹುಡುಗರು ನಕ್ಕರು, "ಕಾಕಾ, ಬೈಠೋ ನಾ" ಎಂದರು. ಅಪ್ಪ ನಾಚಿ ಕೂರಲು ಹೊರಟರು. ಅತ್ತೆ ಅವರ ಮೊಣಕೈ ಹಿಡಿದು ನಿಲ್ಲಿಸಿದರು.

"ಕೂರ್ಬೇಡಿ ಭಾಸ್ಕರಣ್ಣ. ಹೆಸರು ಕರೆದಾಗಿದೆ." ಮತ್ತೆ ಇನ್ನೊಂದು ಕೈಯಿಂದ ಅಮ್ಮನನ್ನು ಎಬ್ಬಿಸಿದರು. "ನೀನೂ ಏಳು ಲಲಿತಾ, ನಿನ್ನದೂ ಕರೆದ್ರು."

ಸರ್ಟಿಫಿಕೇಟು ಕೈಗೆ ಬಂದಾಗ ನಾನು ಸಭೆಯ ಕಡೆ ತಿರುಗಿದೆ. ಎಲ್ಲರೂ ಕೂತಿದ್ದ ಆ ದೊಡ್ಡ ಹಾಲಿನಲ್ಲಿ ಮೂರೇ ಜನ ನಿಂತಿದ್ದರು. ಅಪ್ಪ ಕೈ ಕಟ್ಟಿಕೊಂಡಿದ್ದರು, ಅಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದರು. ಹೆಸರು ಕರೆಯದಿದ್ದರೂ ಎದ್ದು ನಿಂತ ಮೂರನೆಯವರು ಚಪ್ಪಾಳೆ ತಟ್ಟುತ್ತಿದ್ದರು.