ಹಳ್ಳದ ದಂಡೆಯಲ್ಲಿ ತಿರುಗಿದ ಪಲ್ಲಕ್ಕಿ

ಮಧ್ಯಾಹ್ನ ಮೂರೂ ಕಾಲಿಗೆ ನಾವು ಪಲ್ಲಕ್ಕಿಯನ್ನು ದಾಟಿ ಮುಂದೆ ನಡೆದೆವು. ಕೆಟ್ಟದ್ದು ಶುರುವಾದದ್ದು ಅಲ್ಲಿಂದ.

ಬೆಳಿಗ್ಗೆ ಮುಧೋಳದಿಂದ ಹೊರಟಾಗ ಎಳೆಬಿಸಿಲಿತ್ತು. ಜಮಖಂಡಿಯಲ್ಲಿ ಗಿರಮಿಟ್ಟು, ಚಹಾ ಮುಗಿಸಿ, ತಲೆಗೆ ಹತ್ತು ರೂಪಾಯಿ ಕೊಟ್ಟು ಟೆಂಪೋ ಹತ್ತಿ ಚಿಕ್ಕಪಡಸಲಗಿ ಕಡೆಯ ಒಂದು ಹಳ್ಳಿಯಲ್ಲಿ ಇಳಿದೆವು. ನನ್ನ ಗಂಡ ಶ್ರೀಕಾಂತ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ, ನಾನು ರಸಾಯನಶಾಸ್ತ್ರ. ಹಿನ್ನೀರು ನಿಂತ ಮೇಲೆ ಕೃಷ್ಣೆಯ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ನೋಡಲು ಬಾಟಲಿ ತಂದಿದ್ದೆ.

ಅಂದು ಬೀರೇಶ್ವರನ ಪಲ್ಲಕ್ಕಿ ಸ್ನಾನಕ್ಕೆಂದು ಹೊಳೆಗೆ ಹೊರಟಿತ್ತು. ಹೊಳೆ ಮುಟ್ಟಲು ಒಂದು ಒಣ ಹಳ್ಳ ದಾಟಬೇಕು. ಹೊತ್ತವರು ದಾರಿ ಆರಿಸುವುದಿಲ್ಲ. ಪಲ್ಲಕ್ಕಿ ವಾಲಿದತ್ತ ಹೆಜ್ಜೆ ಹಾಕುತ್ತಾರೆ. ಅದರ ಮುಂದೆ ಯಾರೂ ನಡೆಯುವಂತಿಲ್ಲ. ಆದರೆ ಅವರೆಲ್ಲ ಹೊಳೆಗಿಳಿದರೆ ಮೈಮೇಲಿನ ಭಂಡಾರದ ಅರಿಶಿನ ನೀರಿಗೆ ಬೆರೆತು ನನ್ನ ಪರೀಕ್ಷೆ ಕೆಡುತ್ತದೆ. ಅದಕ್ಕೇ ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕಿದೆವು.

ಹಳ್ಳದ ನಡುವೆ ಇದ್ದಾಗ ಹಿಂದೆ ಡೊಳ್ಳಿನ ತಾಳ ತಪ್ಪಿತು. ತಿರುಗಿ ನೋಡಿದೆ. ಪಲ್ಲಕ್ಕಿ ದಂಡೆಯ ಅಂಚಿಗೆ ಬಂದು ಗರ್ರನೆ ಊರ ಕಡೆ ತಿರುಗುತ್ತಿತ್ತು.

"ತಂಗೀ, ಹಿಂದಕ ಬಾರವಾ! ದೇವ್ರು ತಿರುಗ್ಯಾನ!" ಎಂದು ಒಬ್ಬ ಮುದುಕಿ ಕೂಗಿದಳು. ಮಲ್ಲವ್ವ ಅಂತ ಹೆಸರು. ಊಟಕ್ಕೆ ಕರೆದಷ್ಟು ಸಲೀಸಾಗಿ ಕರೆದಳು. ನನ್ನ ಕಾಲುಗಳು ನನ್ನನ್ನು ಕೇಳದೆ ಹಿಂದಕ್ಕೆ ಓಡಿದವು. ಶ್ರೀಕಾಂತ ನಕ್ಕು ಮುಂದೆ ಹೋದರು.

ನಾನು ದಂಡೆ ಹತ್ತುವಷ್ಟರಲ್ಲಿ ಒಣ ಹಳ್ಳ ತುಂಬಿ ಬಂತು. ನಮ್ಮ ಮೇಲೆ ಒಂದು ಹನಿ ಮಳೆಯಿಲ್ಲ. ಎಲ್ಲೋ ಮೇಲೆ ಸುರಿದದ್ದು ಕೆಂಪಗೆ, ಜಾಲಿಕಂಟಿ ಉರುಳಿಸಿಕೊಂಡು ಬಂತು. ಶ್ರೀಕಾಂತ ಒಂದು ಜಾಲಿ ಮರವನ್ನು ಅಪ್ಪಿಕೊಂಡರು. ಪಲ್ಲಕ್ಕಿಯ ಜೊತೆಗಿದ್ದ ಕುರುಬರು ಕಂಬಳಿಗೆ ಕಂಬಳಿ ಗಂಟು ಹಾಕಿ ಎಸೆದರು. ಮೊದಲ ಸಲ ಕೈತಪ್ಪಿತು. ಎರಡನೆಯ ಸಲ ಸಿಕ್ಕಿತು. ಆ ಎರಡರ ನಡುವಿನ ಹೊತ್ತು ನನ್ನೊಳಗೆ ಮುಗಿಯಲೇ ಇಲ್ಲ.

ಅಂದು ಊರಲ್ಲೇ ಉಳಿದೆವು. ಮಲ್ಲವ್ವನ ಮನೆಯಲ್ಲಿ ಬಿಸಿ ರೊಟ್ಟಿ, ಝುಣಕ. ಕೂದಲಿನ ಕೆಸರು ಇನ್ನೂ ಸೋರುತ್ತಿದ್ದರೂ ಶ್ರೀಕಾಂತ ಪಲ್ಲಕ್ಕಿ ಹೊತ್ತಿದ್ದ ಬೀರಪ್ಪನನ್ನು ಬಿಡಲಿಲ್ಲ.

"ಹಳ್ಳದ ಸಪ್ಪಳ ಕೇಳಿಸಿತೇನ್ರಿ ನಿಮಗ?"

"ಡೊಳ್ಳಿನಾಗ ಏನ್ ಕೇಳತೈತ್ರಿ ಸರ?"

"ಬರಿಗಾಲಿಗೆ ನೆಲ ನಡುಗಿದ್ದು ಗೊತ್ತಾಗಿರಬೇಕು."

"ಹೆಗಲಿಗೆ ಗೊತ್ತಾತ್ರಿ. ಹಿಂದಕ ಜಗ್ಗಿತು."

"ಹಿಂಗ ತಿರುಗಿ, ಹಳ್ಳ ಬರದಿದ್ದದ್ದು ಎಷ್ಟು ಸಲ?"

ಬೀರಪ್ಪ ಮುಚ್ಚಿಡಲಿಲ್ಲ. "ಭಾಳ ಸಲರಿ. ಅವಾಗ ಮನಿಗಿ ಬಂದು ಉಂಡು ಮಲಗೀವಿ."

"ನೋಡು!" ಎಂದು ಶ್ರೀಕಾಂತ ನನ್ನತ್ತ ತಿರುಗಿದರು. "ಹಳ್ಳ ಬರದಿದ್ದ ಸಲ ಯಾರೂ ನೆನಪಿಡೂದಿಲ್ಲ. ಒಂದ ಸಲದ್ದು ಸಾಕ್ಷಿ ಹೆಂಗಾಗತದ? ಮುಂದಿನ ವರ್ಷ ಬಂದು ನೋಡೂಣು."

ಮಲ್ಲವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಬರ್ರಿ ಸರ. ಕಂಬಳಿ ಒಣಗಿಸಿ ಇಟ್ಟಿರತೀವಿ."

ಎಲ್ಲರೂ ನಕ್ಕರು. ಶ್ರೀಕಾಂತರೂ ನಕ್ಕರು.

ಬೀರಪ್ಪ ದೇವರ ಮೇಲೆ ಭಾರ ಹಾಕಿ ಮಲಗಿದ. ಶ್ರೀಕಾಂತ ಸಾಕ್ಷಿ ಸಾಲದೆಂದು ಮಲಗಿದರು. ಇಬ್ಬರದೂ ಗೊರಕೆ. ನನಗೆ ಹೊಟ್ಟೆ ಉರಿಯಿತು. ನೀರಿಗೆ ಸಿಕ್ಕವರು ಅವರು, ಎಚ್ಚರ ಕೂತವಳು ನಾನು.

ಮುಧೋಳಕ್ಕೆ ಬಂದ ಮೇಲೂ ಅಷ್ಟೇ. ಕಣ್ಣು ಮುಚ್ಚಿದರೆ ಕಂಬಳಿ ಕೈತಪ್ಪುತ್ತಿತ್ತು. ನನ್ನ ಕಾಲು ಯಾಕೆ ತಿರುಗಿದವು? ಶ್ರೀಕಾಂತರಂತೆ ಅನುಮಾನಿಸಲೂ ಆಗದು, ಮಲ್ಲವ್ವನಂತೆ ಕೈಮುಗಿಯಲೂ ಆಗದು. ಒಮ್ಮೆ ಸಿಟ್ಟಿಗೆ ಅವರ ದಿಂಬು ಎಳೆದುಕೊಂಡೆ. "ಏನಾತು?" ಎಂದು ಕೇಳಿ, ದಿಂಬಿಲ್ಲದೆಯೇ ನಿದ್ದೆಹೋದರು.

ಮರುವರ್ಷ ಶ್ರಾವಣದಲ್ಲಿ ಮತ್ತೆ ಹೋದೆವು. ಈ ಸಲ ಬಾಟಲಿ ಒಯ್ಯಲಿಲ್ಲ; ಪಲ್ಲಕ್ಕಿಯ ಹಿಂದೆ ನಡೆದೆವು. ಅದು ಹಳ್ಳದ ಅಂಚಿನಲ್ಲಿ ಈ ಸಲವೂ ತಿರುಗಿತು. ಎಲ್ಲರೊಡನೆ ನಾನೂ ತಿರುಗಿದೆ, ಯಾರೂ ಕೂಗಬೇಕಾಗಲಿಲ್ಲ. ಶ್ರೀಕಾಂತ ಮಾತ್ರ ದಂಡೆಯ ಮೇಲೆ ಛತ್ರಿ ಊರಿ ಕಾದರು. ಹೊತ್ತು ಮುಳುಗಿದರೂ ಹಳ್ಳ ಬರಲಿಲ್ಲ.

"ಬರಲಿಲ್ಲ ನೋಡ್ರಿ!" ಎಂದು ಗೆದ್ದವರಂತೆ ಬಂದರು.

"ಛಲೋ ಆತಲ್ಲರಿ," ಎಂದು ಮಲ್ಲವ್ವ ತಾಟು ಮುಂದಿಟ್ಟಳು.

ಉಂಡು ಅಡ್ಡಾದದ್ದಷ್ಟೇ ನನಗೆ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಕಟ್ಟೆ ಹತ್ತಿತ್ತು. ಶ್ರೀಕಾಂತ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಕೆಂಪು.

"ಭಾರೀ ನಿದ್ದಿ ಹೊಡದಿ ಬಿಡು," ಎಂದರು. ನಾನು ವರ್ಷವಿಡೀ ನುಂಗಿದ್ದ ಹೊಟ್ಟೆಕಿಚ್ಚು ಅವರ ದನಿಯಲ್ಲಿತ್ತು. "ನನಗ ಬರಲೇ ಇಲ್ಲ. ತಡಾ ಆಗಿ ಬಂದ್ರೂ ಬರಬಹುದಲ್ಲ ಅಂತ ಹಳ್ಳದ ಕಡೆ ಕಿವಿ ಇಟ್ಕೊಂಡ ಕೂತಿದ್ದೆ."